ಹರಿಗೋಲು ದಡಕ್ಕೆ ಬಂದ್ಮೇಲೆ

ಎಲ್ರಿಗೂ ನಮಸ್ಕಾರ. ಕುಶಾಲನಗರದಲ್ಲಿ ನಿಂತ್ಕೊಂಡು ಮೀನುಗಾರಿಕೇಲಿ ದುಡಿಯೋ ಹೆಂಗಸ್ರ ಬಗ್ಗೆ ಏನ್ ಮಾತಾಡ್ತಾನೆ ಇವ್ನು, ಕೊಡಗಲ್ಲಿ ಸಮುದ್ರ ಎಲ್ಲಿದೆ ಅಂತ ಹಿಂದಿನ ಸಾಲಲ್ಲಿ ಯಾರೋ ನಗ್ತಿದ್ದೀರಿ, ಕಾಣ್ತಿದೆ. ಸಮುದ್ರ ಇಲ್ಲ, ಸರಿ. ಹಾರಂಗಿ ಡ್ಯಾಂ ಇದ್ಯಲ್ಲ, ಚಿಕ್ಲಿಹೊಳೆ ಡ್ಯಾಂ ಇದ್ಯಲ್ಲ, ಕಾವೇರಿ ಅಂತೂ ಊರ ಮಗ್ಗುಲಲ್ಲೇ ಹರೀತಾಳೆ.

ನಮ್ಮ ಹಿನ್ನೀರಿನ ಮೀನುಗಾರಿಕೆ ಅಂದ್ರೆ ದೊಡ್ಡ ಬೋಟು ಗೀಟು ಏನಿಲ್ಲ, ಒಂದು ಹರಿಗೋಲು, ನಾಕಾರು ಬಲೆ, ಅಷ್ಟೆ. ಸಂಜೆ ಬಲೆ ಬಿಟ್ಟು ಬರೋದು, ಬೆಳಗಿನ ಜಾವ ಎತ್ತೋದು. ಕಾಟ್ಲಾ, ರೋಹು ಬಿದ್ರೆ ನಾಕು ಕಾಸು, ಬರೀ ಜಿಲೇಬಿ ಮೀನೇ ಬಂದ್ರೆ ರೇಟಿಲ್ಲ.

ಒಂದಿನ ಬೆಳಿಗ್ಗೆ ದಡದಲ್ಲಿದ್ದೆ. ಮೀನು ಹಿಡಿಯೋ ಅಣ್ಣ ಒಬ್ರು ಹರಿಗೋಲು ತಂದು ಮಗುಚಿ ಇಟ್ಟು ಬೀಡಿ ಹಚ್ಚಿದ್ರು, ಅಲ್ಲಿಗೆ ಅವರ ಕೆಲ್ಸ ಮುಗೀತು. ಅವರ ಹೆಂಡ್ತಿ, ಆ ಅಕ್ಕಂದು ಆಗ ಶುರು. ಬಲೆ ಕಣ್ಣಲ್ಲಿ ಕಿವಿರು ಸಿಕ್ಕೊಂಡಿರೋ ಮೀನನ್ನ ನೂಲು ಹರೀದಂಗೆ ಬಿಡಿಸ್ಬೇಕು, ದೊಡ್ಡದು ಸಣ್ಣದು ಬೇರೆ ಮಾಡ್ಬೇಕು, ಐಸ್ ಹಾಕ್ಬೇಕು, ವ್ಯಾಪಾರಿ ಬಂದ್ರೆ ತಕ್ಕಡಿ ಮೇಲೇ ಕಣ್ಣಿಟ್ಟಿರ್ಬೇಕು, ಆಮೇಲೆ ಮನೆಗೆ ಹೋಗಿ ಅನ್ನ ಸಾರು ಮಾಡಿ ಮಧ್ಯಾಹ್ನ ಕೂತು ಹರಿದ ಬಲೆ ಹೆಣೀಬೇಕು. ಬೆರಳ ಸಂದೀಲೆಲ್ಲ ಮುಳ್ಳು ಚುಚ್ಚಿದ ಗಾಯ. ನೀವೇನ್ ಕೆಲ್ಸ ಮಾಡ್ತೀರಕ್ಕ ಅಂದ್ರೆ, ‘ನಾನೇನಿಲ್ಲಪ್ಪ, ಮನೇಲೇ ಇರ್ತೀನಿ, ಅವ್ರು ಮೀನ್ ಹಿಡೀತಾರೆ’ ಅಂದ್ರು!

ಪ್ರಪಂಚದ ಸಣ್ಣ ಪ್ರಮಾಣದ ಮೀನುಗಾರಿಕೇಲಿ ದುಡಿಯೋ ಹತ್ತು ಜನದಲ್ಲಿ 4 ಜನ ಹೆಂಗಸ್ರು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆನೇ ಹೇಳುತ್ತೆ. ‘ಮನೇಲಿರ್ತೀನಿ’ ಅನ್ನೋ ಈ ಅಕ್ಕನ್ನ ಆ ಲೆಕ್ಕಕ್ಕೆ ಸೇರಿಸೋರು ಯಾರು?

ಇನ್ನು ಗದ್ದೆ ಮೀನು. ಮುಂಗಾರು ಜೋರಾದ್ರೆ ಹೊಳೆ ಮೀನು ತೋಡು, ಅಂದ್ರೆ ಸಣ್ಣ ಹಳ್ಳ, ಹತ್ತಿ ಗದ್ದೆಗೆ ಬರುತ್ತೆ, ಹಿಡಿಯೋಕೆ ಹೆಂಗಸ್ರು ಮಕ್ಳೇ ಮುಂದೆ. ಜಾರೋ ಮೀನಿಗೆ ಬೂದಿ ಹಚ್ಚಿ ಉಜ್ಜಿ, ನಮ್ಮ ಕೊಡಗಿನ ಹುಳಿ ಕಾಚಂಪುಳಿ ಹಾಕಿ ಸಾರು ಮಾಡಿದ್ರೆ... ಬಿಡಿ, ಊಟದ ಹೊತ್ತಾಯ್ತು. ಆದ್ರೆ ಅದು ಮೊಟ್ಟೆ ಇಡೋಕೆ ಹತ್ತೋ ಮೀನು ಅನ್ನೋದು ನೆನಪಿರ್ಲಿ, ಸೊಳ್ಳೆ ಪರದೆ ಕಟ್ಟಿ ತೋಡೇ ಬಾಚೋದು ನಂಗಂತೂ ಸರಿ ಕಾಣಲ್ಲ.

ಅದೇ ಹೊತ್ತಿಗೆ ಕರಾವಳೀಲಿ ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಮತ್ತಿ, ಬಂಗುಡೆ ರೇಟು ಏರುತ್ತೆ, ಮಡಿಕೇರಿ ಶುಕ್ರವಾರದ ಸಂತೇಲಿ ನಾವು ಒಣಮೀನು ಹುಡುಕ್ತೀವಿ. ಅದನ್ನ ಬೇಸಿಗೇಲಿ ಉಪ್ಪು ಹಾಕಿ ಒಣಗಿಸಿಟ್ಟೋರೂ ಅಲ್ಲಿನ ಹೆಂಗಸ್ರೇ.

ಮೀನುಗಾರಿಕೆಗೆ ಅಂತ 2020ರಲ್ಲಿ ಬಂದ ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೇಲಿ ಸಾಮಾನ್ಯ ವರ್ಗದೋರಿಗೆ ಶೇ. 40 ಸಬ್ಸಿಡಿ, ಹೆಂಗಸ್ರಿಗೆ ಶೇ. 60. ಹೆಂಡ್ತಿ ಹೆಸ್ರಲ್ಲಿ ಅರ್ಜಿ ಹಾಕಿ, ಸಬ್ಸಿಡೀಲಿ ತಗೊಂಡ ಮೀನು ಗಾಡಿ ಕೀ ಮಾತ್ರ ಗಂಡನ ಜೇಬಲ್ಲಿ ಇದ್ರೆ ಪ್ರಯೋಜನ ಏನು? ಅರ್ಜಿ ಕೊಡೋ ಮುಂಚೆ ಬ್ಯಾಂಕ್ ಪಾಸ್‌ಬುಕ್ ಯಾರ ಕೈಲಿರುತ್ತೆ ಅಂತ ಮನೇಲಿ ತೀರ್ಮಾನ ಮಾಡ್ಕೊಳ್ಳಿ.

ನಂದು ಸಾಕು. ಮೂರನೇ ಸಾಲಲ್ಲಿ ಹಸಿರು ಸೀರೆ ಅಕ್ಕ ಆಗಿಂದ ಏನೋ ಹೇಳ್ಬೇಕು ಅಂತ ಕೂತಿದ್ದಾರೆ, ಆ ಮೈಕ್ ಸ್ವಲ್ಪ ಅವರಿಗೆ ಕೊಡಿ.