ಏನು ಕಡಿಮೆಯಾಗಿತ್ತು ಅವನಿಗೆ?

ಕೇಳುಗರೇ, ನಮಸ್ಕಾರ.

ಊರಿನಲ್ಲಿ ಯಾರಾದರೂ ತಮ್ಮ ಜೀವ ತಾವೇ ಕಳೆದುಕೊಂಡರೆ, ಮನೆ ಮುಂದೆ ಸೇರಿದ ಜನ ಒಂದು ಮಾತು ಆಡೇ ಆಡುತ್ತಾರೆ. 'ಏನು ಕಡಿಮೆಯಾಗಿತ್ತು ಅವನಿಗೆ?' ನೀವೂ ಕೇಳಿರುತ್ತೀರಿ. ನಾನಂತೂ ಅಂದಿದ್ದೇನೆ. ಆ ಮಾತಿನಲ್ಲಿ ದುಃಖವಿದೆ, ಹೋದವನ ಮೇಲೆ ಸ್ವಲ್ಪ ಸಿಟ್ಟೂ ಇದೆ. ಆಮೇಲೆ ಒಬ್ಬೊಬ್ಬರೂ ಒಂದೊಂದು ಕಾರಣ ಹೇಳುತ್ತಾರೆ. ಸಾಲ ಇತ್ತಂತೆ. ಕುಡೀತಿದ್ದನಂತೆ. ಚಿಕ್ಕಂದಿನಿಂದಲೂ ಮನಸ್ಸು ಗಟ್ಟಿ ಇರಲಿಲ್ಲವಂತೆ. ಎಲ್ಲ ಕಾರಣವೂ ಸತ್ತವನ ತಲೆಗೇ ಬಂದು ಕೂರುತ್ತದೆ.

ಈ ಪ್ರಶ್ನೆಯನ್ನು ಸುತ್ತಲಿನ ಸಮಾಜದ ಕಡೆಗೆ ತಿರುಗಿಸಿ ಕೇಳಿದವರು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೀಮ್. 1858ರಲ್ಲಿ ಹುಟ್ಟಿದವರು. ತಂದೆ ಯಹೂದಿ ಧರ್ಮಗುರು. ಬೋರ್ಡೋ ಊರಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ, 1897ರಲ್ಲಿ, ಆತ್ಮಹತ್ಯೆಯ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಬರೆದರು. ಸೋದರಳಿಯ ಮಾರ್ಸೆಲ್ ಮಾಸ್ ಅವರಿಗೆ ನೆರವಾದರು. ಸುಮಾರು 26,000 ಸಾವುಗಳ ದಾಖಲೆಗಳನ್ನು ವಯಸ್ಸು, ಗಂಡು ಹೆಣ್ಣು, ಮದುವೆ, ಮಕ್ಕಳು ಹೀಗೆ ಬೇರೆಬೇರೆ ಮಾಡಿ ಕೈಯಲ್ಲೇ ಎಣಿಸಿದರು. ಒಂದೊಂದು ಚೀಟಿಯ ಹಿಂದೆಯೂ ಒಂದು ಮನೆ ಇತ್ತು ಅನ್ನುವುದನ್ನು ನಾನು ಮರೆಯಲಾರೆ.

ಅವರಿಗೆ ಕಂಡ ಮೊದಲ ಆಶ್ಚರ್ಯ ಇದು. ಸಾಯುವವರು ಪ್ರತಿವರ್ಷ ಬೇರೆ ಬೇರೆ. ಅವರವರ ಕಷ್ಟವೂ ಬೇರೆ. ಆದರೂ ಒಂದು ದೇಶದಲ್ಲಿ ಲಕ್ಷಕ್ಕೆ ಇಷ್ಟು ಜನ ಅನ್ನುವ ಲೆಕ್ಕ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಹಾಗೇ ನಿಂತಿರುತ್ತದೆ. ಎಲ್ಲವೂ ಒಬ್ಬೊಬ್ಬರ ಮನಸ್ಸಿನ ವಿಷಯವೇ ಆಗಿದ್ದರೆ ಈ ಲೆಕ್ಕ ಮನಬಂದಂತೆ ಏರಿ ಇಳಿಯಬೇಕಿತ್ತು, ಅಲ್ವಾ?

ಹುಡುಕುತ್ತಾ ಹೋದಂತೆ ಅವರಿಗೆ ನಂಟಿನ ಸುಳಿವು ಸಿಕ್ಕಿತು. ಮದುವೆಯಾಗದ ಗಂಡಸರಲ್ಲಿ ಜಾಸ್ತಿ, ಹೆಂಡತಿ ಮಕ್ಕಳು ಇರುವವರಲ್ಲಿ ಕಮ್ಮಿ. ಕ್ಯಾಥೊಲಿಕರಿಗಿಂತ ಪ್ರಾಟೆಸ್ಟೆಂಟರಲ್ಲಿ ಜಾಸ್ತಿ. ದೇಶಕ್ಕೆ ಯುದ್ಧದ ಕಾಲ ಬಂದು ಜನ ಒಟ್ಟಾದಾಗ ಕಮ್ಮಿ. ಯಾರಿಗೂ ಬೇಡವಾದೆ ಅನ್ನಿಸುವಷ್ಟು ನಂಟು ಸಡಿಲವಾದಾಗ ಬದುಕಿನ ಹಿಡಿತವೂ ಸಡಿಲವಾಗುತ್ತದೆ ಅಂದರು. ಬೆಂಗಳೂರಿನ ಪಿ.ಜಿ.ಗಳಲ್ಲಿ ಒಂದೇ ರೂಮಿನಲ್ಲಿದ್ದೂ ಒಬ್ಬರ ಊರು ಇನ್ನೊಬ್ಬರಿಗೆ ಗೊತ್ತಿಲ್ಲದ ಮಕ್ಕಳನ್ನು ನೋಡಿದಾಗ ನನಗೆ ಈ ಮಾತು ನೆನಪಾಗುತ್ತದೆ.

ನಂಟು ಅತಿಯಾಗಿ ಬಿಗಿಯಾದರೂ ಅಪಾಯವೇ. ಅದಕ್ಕೆ ಅವರು ಹೆಸರಿಸಿದ ಉದಾಹರಣೆಗಳಲ್ಲಿ ನಮ್ಮ ದೇಶದ ಸತಿ ಪದ್ಧತಿಯೂ ಇದೆ. ನಮ್ಮ ಹಳ್ಳಿಗಳ ಅಂಚಿನಲ್ಲಿ ಮಾಸ್ತಿಕಲ್ಲು ನೋಡಿರುತ್ತೀರಿ. ಬಳೆ ತೊಟ್ಟ ಒಂದು ಕೈ ಮೇಲೆತ್ತಿರುತ್ತದೆ. ಆ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚುವಾಗ, ಆ ಹೆಣ್ಣುಮಗಳಿಗೆ ಬೇರೆ ದಾರಿ ಯಾರಾದರೂ ಬಿಟ್ಟಿದ್ದರೇ ಅಂತ ಕೇಳುವವರು ಕಡಿಮೆ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿದೆ. 1873ರಲ್ಲಿ ವಿಯೆನ್ನಾದ ಷೇರುಪೇಟೆ ಕುಸಿಯಿತು, ಆತ್ಮಹತ್ಯೆ ಏರಿತು. ಇದು ಯಾರಿಗಾದರೂ ಅರ್ಥವಾಗುತ್ತದೆ. ಆದರೆ ವ್ಯಾಪಾರ ಜೋರಾಗಿ ನಡೆದು ಜನರ ಕೈಯಲ್ಲಿ ದಿಢೀರನೆ ದುಡ್ಡು ಓಡಾಡಿದ ವರ್ಷಗಳಲ್ಲೂ ಏರಿತ್ತು! ಬಡತನವೇ ಕಾರಣವಾಗಿದ್ದರೆ ಆಗ ಇಳಿಯಬೇಕಿತ್ತು. ಡರ್ಖೀಮ್ ಹೇಳುವುದು ಹೀಗೆ: ನಮ್ಮ ಆಸೆಗೆ ಒಂದು ಅಳತೆ ಕೊಡುವುದು ಸಮಾಜ. ದಿಢೀರ್ ಏರಿಳಿತದಲ್ಲಿ ಆ ಅಳತೆಗೋಲೇ ಮುರಿಯುತ್ತದೆ. ಎಷ್ಟು ಸಿಕ್ಕರೆ ಸಾಕು ಅನ್ನುವುದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ರೈತರನ್ನೇ ನೋಡಿ. ರಾಗಿ, ಜೋಳ ಬೆಳೆದುಕೊಂಡಿದ್ದ ಮನೆ, ಈ ಸಲ ರೇಟು ಬಂದೇ ಬರುತ್ತದೆ ಅಂತ ಹೊಸ ಬೆಳೆಗೆ ಕೈ ಹಾಕುತ್ತದೆ. ಬೋರ್‌ವೆಲ್ ಕೊರೆಸುತ್ತಾರೆ, ನೀರು ಬರುವುದಿಲ್ಲ. ಇನ್ನೊಂದು ಕೊರೆಸುತ್ತಾರೆ. ಹೊಟ್ಟೆಗಿಲ್ಲದ ಕಷ್ಟವನ್ನು ಅಜ್ಜನ ಕಾಲದಲ್ಲೂ ನೋಡಿದ್ದರು. ಆಸೆ ತೋರಿಸಿ ಕೈಬಿಟ್ಟ ಪೇಟೆಯನ್ನು ನೋಡಿರಲಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಡರ್ಖೀಮ್ ಪುಸ್ತಕದಲ್ಲಿ ನಾಲ್ಕನೆಯದೊಂದು ಬಗೆ ಇದೆ. ಕಟ್ಟುಪಾಡು ಉಸಿರು ಕಟ್ಟಿಸುವಷ್ಟಾಗಿ, ಮುಂದಿನ ದಾರಿಯೆಲ್ಲ ಮುಚ್ಚಿಹೋದಾಗ ಆಗುವ ಸಾವು. ಅದಕ್ಕೆ ಅವರು ಕೊಟ್ಟಿದ್ದು ಒಂದು ಅಡಿಟಿಪ್ಪಣಿ ಮಾತ್ರ. ಈ ಕಾಲದಲ್ಲಿ ಇದು ಅಷ್ಟಾಗಿ ಕಾಣಿಸುವುದಿಲ್ಲ ಅಂದುಬಿಟ್ಟರು. ಉದಾಹರಣೆಗೆ ಗುಲಾಮರನ್ನು ಹೆಸರಿಸಿದರು, ಮಕ್ಕಳಿಲ್ಲದ ಗೃಹಿಣಿಯರನ್ನು ಹೆಸರಿಸಿದರು, ಮುಂದೆ ಹೋದರು. ಮದುವೆ ಗಂಡಸನ್ನು ಕಾಯುವಷ್ಟು ಹೆಂಗಸನ್ನು ಕಾಯುವುದಿಲ್ಲ ಅನ್ನುವುದು ಅವರದೇ ಲೆಕ್ಕದಲ್ಲಿ ಕಂಡಿತ್ತು. ಆದರೂ ಅಲ್ಲಿ ಅವರು ಜಾಸ್ತಿ ಹೊತ್ತು ನಿಲ್ಲಲಿಲ್ಲ.

ನಮಗೆ ಹಾಗೆ ಮುಂದೆ ಹೋಗುವುದು ಸಾಧ್ಯವಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ಭಾರತದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಕರ್ನಾಟಕದಲ್ಲೇ 13,606. ದೇಶದ ಒಟ್ಟು ಲೆಕ್ಕದಲ್ಲಿ ಗೃಹಿಣಿಯರು 25,309. ಅವರಿಗೆ ನಂಟು ಕಡಿಮೆಯಿತ್ತೇ? ಗಂಡ, ಅತ್ತೆ, ಮಾವ, ನಾದಿನಿ, ಮಕ್ಕಳು, ಅಕ್ಕಪಕ್ಕ, ಎಲ್ಲ ಇದ್ದರು. ಇಲ್ಲಿ ಕೇಳಬೇಕಾದದ್ದು ಏನು ಜಾಸ್ತಿಯಾಗಿತ್ತು ಅಂತ. ತವರಿಗೆ ಹೋದರೆ 'ಹೊಂದಿಕೊಂಡು ಹೋಗಮ್ಮ' ಅಂತ ವಾಪಸ್ ಕಳಿಸುತ್ತಾರೆ. ಗಂಡನ ಮನೆಯಲ್ಲಿ ಬಾಯಿ ಬಿಡುವ ಹಾಗಿಲ್ಲ. ಆ ಅಡಿಟಿಪ್ಪಣಿ ನಮ್ಮಲ್ಲಿ ಒಂದು ಪೂರ್ತಿ ಅಧ್ಯಾಯ.

ಆಸರೆಯಾಗುವ ನಂಟೇ ಉಸಿರು ಕಟ್ಟಿಸುವುದೂ ಉಂಟು. ಸ್ವಸಹಾಯ ಸಂಘಗಳನ್ನೇ ತೆಗೆದುಕೊಳ್ಳಿ. ಅಡುಗೆಮನೆ ಬಿಟ್ಟು ಹೊರಬಂದು ಹತ್ತು ಹೆಂಗಸರು ವಾರಕ್ಕೊಮ್ಮೆ ಕೂತು ಮಾತಾಡುವುದಿದೆಯಲ್ಲ, ಅದು ದೊಡ್ಡ ಆಸರೆ. ಅದೇ ಹತ್ತು ಜನರನ್ನು ಗುಂಪು ಮಾಡಿ, ಒಬ್ಬರಿಗೊಬ್ಬರು ಜಾಮೀನು ಹಾಕಿಸಿ ಸಾಲ ಕೊಟ್ಟಾಗ ಏನಾಗುತ್ತದೆ? ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ನಿನ್ನೆವರೆಗೆ ಅಕ್ಕ ಅನ್ನುತ್ತಿದ್ದವರು ಇವತ್ತು ಅವಳ ಜಗಲಿ ಮೇಲೆ ಬಂದು ಕೂರುತ್ತಾರೆ. ಅವರದೂ ತಪ್ಪು ಅನ್ನಲಾರೆ, ಅವರ ಕತ್ತಿಗೂ ಅದೇ ಕಂತು. ಮಾನಕ್ಕೆ ಅಂಜುವ ಊರಿನಲ್ಲಿ ಎಲ್ಲರ ಎದುರು ಹೀಗೆ ಕೇಳಿಸಿಕೊಳ್ಳುವುದು ಎಂಥ ಸಂಕಟ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸಾಲ ವಸೂಲಿಯ ಇಂಥ ಕಿರುಕುಳದಿಂದ ಸಾವುಗಳಾದ ಮೇಲೆ, 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಅದರ ವಿರುದ್ಧ ಸುಗ್ರೀವಾಜ್ಞೆ ತಂದಿತು. ತೊಂದರೆ ಅವರ ಮನಸ್ಸಿನಲ್ಲಷ್ಟೇ ಇದ್ದಿದ್ದರೆ ಸುಗ್ರೀವಾಜ್ಞೆ ಯಾಕೆ ಬೇಕಿತ್ತು?

ಡರ್ಖೀಮ್ ಹೇಳಿದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಅವರು ನಂಬಿದ್ದು ಸರ್ಕಾರಿ ದಾಖಲೆಗಳನ್ನು. ದಾಖಲೆ ಬರೆಯುವವರೂ ಮನುಷ್ಯರೇ, ಯಾವ ಸಾವಿಗೆ ಯಾವ ಹೆಸರಿಡಬೇಕು ಅಂತ ಅವರೇ ತೀರ್ಮಾನಿಸುತ್ತಾರೆ ಅಂತ 1967ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಜ್ಯಾಕ್ ಡಗ್ಲಸ್ ಟೀಕಿಸಿದರು. ನಮಗೆ ಇದನ್ನು ವಿವರಿಸಿ ಹೇಳಬೇಕೇ? 'ಹೊಟ್ಟೆನೋವು ತಾಳಲಾರದೆ' ಅನ್ನುವ ಸಾಲನ್ನು ಪತ್ರಿಕೆಯಲ್ಲಿ ಎಷ್ಟು ಸಲ ಓದಿಲ್ಲ! ಕೆಲವರಿಗೆ ನಿಜವಾಗಿ ಹೊಟ್ಟೆನೋವು ಇದ್ದೀತು. ಎಷ್ಟೋ ಕಡೆ ಆ ನೋವಿಗೆ ಬೇರೆ ಹೆಸರಿತ್ತು. ಮನೆಯವರು ಹೇಳಲಿಲ್ಲ, ಬರೆದವರು ಕೇಳಲಿಲ್ಲ. ಇನ್ನು ಮನಸ್ಸಿನ ಕಾಯಿಲೆ ಅನ್ನುವುದೂ ನಿಜ, ಅದಕ್ಕೆ ಔಷಧಿ ಇದೆ, ಚಿಕಿತ್ಸೆ ಇದೆ. ಸಮಾಜದ ಕಾರಣ ಹೇಳಿದ ಮಾತ್ರಕ್ಕೆ ವೈದ್ಯರು ಬೇಡ ಅಂತ ಆಗುವುದಿಲ್ಲ.

ಒಂದು ವಿಷಯ ದಯವಿಟ್ಟು ತಿಳಿದಿರಲಿ. ಹಿಂದೆಲ್ಲ ಇಂಥ ಪ್ರಯತ್ನ ಮಾಡಿ ಉಳಿದವರನ್ನು ಆಸ್ಪತ್ರೆಗೆ ಕರೆದೊಯ್ಯಲು ಮನೆಯವರು ಹಿಂಜರಿಯುತ್ತಿದ್ದರು, ಪೊಲೀಸ್ ಕೇಸಿಗೆ ಹೆದರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದ ಮೇಲೆ, ಅವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ಭಾವಿಸುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. ಆದ್ದರಿಂದ ತಡ ಮಾಡಬೇಡಿ.

ಈ ಮಾತು ಕೇಳುತ್ತಿರುವವರಲ್ಲಿ ಯಾರಿಗಾದರೂ ಬದುಕು ಭಾರ ಅನ್ನಿಸಿದ್ದರೆ, ಅಥವಾ ಮನೆಯಲ್ಲಿ ಯಾರೋ ಇತ್ತೀಚೆಗೆ ಸುಮ್ನೆ ಒಂದು ಕಡೆ ಕೂತುಬಿಡುತ್ತಾರೆ ಅನ್ನಿಸಿದ್ದರೆ, ಒಂದು ನಂಬರ್ ಬರೆದುಕೊಳ್ಳಿ. 1, 4, 4, 1, 6. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು. ಮತ್ತೊಮ್ಮೆ ಹೇಳುತ್ತೇನೆ: 1, 4, 4, 1, 6.

ನಮಸ್ಕಾರ.