ಪಶ್ಚಿಮಕ್ಕೆ ಹಳ್ಳ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಲು ಆರಂಭಿಸಿ ನನಗೆ ಮೂವತ್ತು ವರ್ಷ ದಾಟಿದೆ. ಮೊದಲ ಹತ್ತು ವರ್ಷ ಖಾಸಗಿಯವರ ಜಮೀನು, ನಿವೇಶನ, ಪಾಲುವಿಭಾಗದ ದಾವೆಗಳು. ಆಮೇಲೆ ಹೆಚ್ಚಾಗಿ ಸಾರ್ವಜನಿಕ ಸಂಸ್ಥೆಗಳ ಪರ ವಕಾಲತ್ತು. ಅಂದರೆ ಯಾವಾಗಲೂ ಪ್ರತಿವಾದಿಯ ಕಡೆ. ನನ್ನ ಸೋದರಮಾವ ಬದುಕಿರುವವರೆಗೂ ಕೇಳುತ್ತಿದ್ದರು: "ಬಡವರು ಗೋಡೆ ಕಟ್ಟಿಕೊಂಡರೆ ಅದನ್ನು ಒಡೆಸುವ ಕೆಲಸವೇನೋ ನಿನ್ನದು?"

ಖಾಸಗಿ ಕಕ್ಷಿದಾರ ಬರುವಾಗ ಚೀಲ ತರುತ್ತಾನೆ. ಬಟ್ಟೆ ಅಂಗಡಿಯ ಹಳೆಯ ಕೈಚೀಲ. ಒಳಗೆ ಕ್ರಯಪತ್ರ, ಪಹಣಿ, ಕಂದಾಯದ ರಸೀತಿಗಳು, ನಡುವೆ ಯಾರದೋ ಮದುವೆಯ ಕರೆಯೋಲೆ. ಗಡಿಕಲ್ಲು ಎಲ್ಲಿತ್ತು, ಅದನ್ನು ಯಾವ ರಾತ್ರಿ ಯಾರು ಕಿತ್ತರು, ಎಲ್ಲವೂ ಬಾಯಿಪಾಠ. ಸಾರ್ವಜನಿಕ ಸಂಸ್ಥೆಯಿಂದ ಬರುವುದು ಕಡತ. ಕೆಲವೊಮ್ಮೆ ಕಡತವೂ ಇಲ್ಲ, ಕಡತದ ಸಂಖ್ಯೆ ಮಾತ್ರ. ಅದನ್ನು ತಂದವರು ಹೋದ ತಿಂಗಳು ಆ ಹುದ್ದೆಗೆ ಬಂದಿರುತ್ತಾರೆ, ಅದೂ ಪ್ರಭಾರದಲ್ಲಿ. ಜಾಗ ನೋಡಿದ್ದೀರಾ ಎಂದರೆ, "ನೋಡಬೇಕು ಸಾರ್" ಎನ್ನುತ್ತಾರೆ.

ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಎರಡು ತಿಂಗಳ ನೋಟಿಸು ಕೊಡಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮು ಹೇಳುತ್ತದೆ. ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ನೇರವಾಗಿಯೂ ಬರಬಹುದು. ದೂರು ನಿಜವಿದ್ದರೆ ಸರಿಪಡಿಸಿಕೊಳ್ಳಲಿ, ಸುಳ್ಳಾದರೆ ಉತ್ತರ ಬರೆಯಲಿ ಎಂದೇ ಆ ಎರಡು ತಿಂಗಳು. ನಾನು ಕಂಡಂತೆ ಆ ಅವಧಿಯನ್ನು ನೋಟಿಸು ಟಪಾಲು ಶಾಖೆಯಲ್ಲಿ ಸುಖವಾಗಿ ಕಳೆಯುತ್ತದೆ. ಆಮೇಲೆ ಸಮನ್ಸು ಬರುತ್ತದೆ. ಲಿಖಿತ ಹೇಳಿಕೆಗೆ 30 ದಿನ, ಕಾರಣ ತೋರಿಸಿದರೆ ಒಟ್ಟು 90. ಎಂಬತ್ತೈದನೇ ದಿನ ನನಗೆ ಫೋನು.

ಒಂದು ದಾವೆಯ ವಿಷಯ ಹೇಳುತ್ತೇನೆ. ವಾದಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು. 1996ರಲ್ಲಿ ನಗರದ ಅಂಚಿನ ಹಳ್ಳಿಯೊಂದರಲ್ಲಿ ನಿವೇಶನ ಕೊಂಡು ಮನೆ ಕಟ್ಟಿದ್ದರು. ಹಿಂಭಾಗದ ಗೋಡೆ ರಾಜಕಾಲುವೆಯ, ಅಂದರೆ ಮಳೆನೀರು ಹರಿಯುವ ಹಳ್ಳದ, ಮೇಲಿದೆ ಎಂಬುದು ನನ್ನ ಕಕ್ಷಿದಾರ ಸಂಸ್ಥೆಯ ವಾದ. ಗೋಡೆ ಮುಟ್ಟಬಾರದೆಂದು ಶಾಶ್ವತ ಪ್ರತಿಬಂಧಕಾಜ್ಞೆ ಬೇಕೆಂಬುದು ಅವರದು. ಅವರ ಬಳಿ ನೋಂದಾಯಿತ ಕ್ರಯಪತ್ರ, ಖಾತೆ, ತೆರಿಗೆ ರಸೀತಿ ಎಲ್ಲ ಇತ್ತು. ಖಾತೆ ತೆರಿಗೆ ವಸೂಲಿಯ ಲೆಕ್ಕವೇ ಹೊರತು ಒಡೆತನದ ಪತ್ರವಲ್ಲ ಎಂದು ಕೋರ್ಟುಗಳು ಎಷ್ಟು ಸಲ ಹೇಳಿದರೂ ನಮ್ಮ ಊರಿನವರು ಅದನ್ನು ದೇವರ ಪಟದ ಪಕ್ಕದಲ್ಲಿ ಇಡುತ್ತಾರೆ. ನನ್ನ ಕಡತದಲ್ಲಿ ಇದ್ದದ್ದು ಒತ್ತುವರಿ ತೆರವಿನ ನೋಟಿಸಿನ ಕಾರ್ಬನ್ ಪ್ರತಿ, ಅಷ್ಟೇ.

ದಾರಿ ತೋರಿಸಿದವರು ಒಬ್ಬ ನಿವೃತ್ತ ಭೂಮಾಪಕರು. ಕೋರ್ಟಿನ ಎದುರು ಕಾಫಿ ಕುಡಿಯುತ್ತಾ, "ಟಿಪ್ಪಣಿ ತೆಗೆಸಿ ಸಾರ್, ಹಳ್ಳ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದರು. ತೆಗೆಸಿದೆ. ಟಿಪ್ಪಣಿ ಎಂದರೆ ಜಮೀನು ಅಳೆದಾಗಿನ ದಾಖಲೆ: ಕೈಯಲ್ಲಿ ಬರೆದ ಹಳೆಯ ನಕ್ಷೆ, ಪಕ್ಕದಲ್ಲಿ ಸರಪಳಿ ಅಳತೆ, ಸರ್ವೆ ನಂಬರಿನ ಅಂಚಿನಲ್ಲಿ ಜೋಡಿ ಗೆರೆ. ಅಷ್ಟು ಗುಂಟೆ 'ಬಿ' ಖರಾಬು. ದಾರಿ, ಹಳ್ಳ, ಸ್ಮಶಾನಗಳಂತೆ ಎಲ್ಲರ ಬಳಕೆಗೆಂದು ಬಿಟ್ಟ, ಕಂದಾಯ ಕಟ್ಟದ ನೆಲ ಅದು. ಜೊತೆಗೆ ಅದೇ ಜಮೀನಿನ 1958ರ ಮೂಲಪತ್ರದ ದೃಢೀಕೃತ ನಕಲೂ ಸಿಕ್ಕಿತು.

ಪಾಟೀಸವಾಲಿನ ದಿನ ಆ ಹಿರಿಯರ ಕೈಗೆ ಮೂಲಪತ್ರ ಕೊಟ್ಟು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಓದಿ ಎಂದೆ. ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು: "ಪೂರ್ವಕ್ಕೆ ಊರಿನ ದಾರಿ, ಪಶ್ಚಿಮಕ್ಕೆ ಹಳ್ಳ..." ಅಲ್ಲಿಗೆ ನಿಲ್ಲಿಸಿದರು. 1996ರ ಅವರದೇ ಕ್ರಯಪತ್ರದಲ್ಲಿ ಪಶ್ಚಿಮಕ್ಕೆ ಇದ್ದದ್ದು "ಹದಿನಾಲ್ಕನೇ ನಂಬರಿನ ನಿವೇಶನ". ಆ ನಿವೇಶನ ಎಲ್ಲಿದೆ ಎಂದೆ. ಎದುರು ವಕೀಲರು ಎದ್ದು ಆಕ್ಷೇಪಿಸುವಷ್ಟರಲ್ಲಿ ಅವರೇ ಹೇಳಿಬಿಟ್ಟರು: "ಅಲ್ಲಿ ನಿವೇಶನ ಇಲ್ಲ ಸ್ವಾಮಿ. ಮಳೆ ಬಂದರೆ ನೀರು ಹರಿಯುತ್ತದೆ."

ಅಷ್ಟು ಸತ್ಯ ಹೇಳುವ ಸಾಕ್ಷಿಯನ್ನು ನಾನು ಬಹಳ ಕಂಡಿಲ್ಲ. ಇನ್ನು ಪ್ರಶ್ನೆ ಇಲ್ಲ ಎಂದು ಕುಳಿತುಬಿಟ್ಟೆ.

ವಾದದ ದಿನ ಎದುರು ವಕೀಲರು ಚೆನ್ನಾಗಿಯೇ ಕುಟುಕಿದರು. "ಧರ್ಮಾಂಬುಧಿ ಕೆರೆಯಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. ಸರ್ಕಾರ ಕೆರೆ ಮುಚ್ಚಿದರೆ ಅಭಿವೃದ್ಧಿ, ನನ್ನ ಕಕ್ಷಿದಾರ ಮೂರು ಅಡಿ ಗೋಡೆ ಕಟ್ಟಿದರೆ ಒತ್ತುವರಿಯೇ?" ಕೋರ್ಟಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಒಡೆತನವೇ ಅನುಮಾನದಲ್ಲಿದ್ದಾಗ ಬರೀ ಪ್ರತಿಬಂಧಕಾಜ್ಞೆ ಕೇಳಿದರೆ ಸಾಲದು, ಹಕ್ಕಿನ ಘೋಷಣೆಯನ್ನೂ ಕೇಳಬೇಕು ಎಂದು ಸುಪ್ರೀಂ ಕೋರ್ಟು 2008ರ ಅನಾತುಲ ಸುಧಾಕರ್ ಪ್ರಕರಣದಲ್ಲಿ ಹೇಳಿದೆ. ಅದನ್ನು ಓದಿ ಹೇಳಿದೆ. ಕೆರೆಗಳ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಗೆದ್ದದ್ದನ್ನೇ ಹೇಳಿದರೆ ತಪ್ಪಾಗುತ್ತದೆ. ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವೊಂದನ್ನು ನಮ್ಮ ಕಡೆಯವರು ಹಾಜರಾಗದೆ ಬಂದ ಏಕಪಕ್ಷೀಯ ಡಿಕ್ರಿಯಲ್ಲಿ ಕಳೆದುಕೊಂಡದ್ದೂ ಇದೆ. ಅದು ಕೈಬಿಟ್ಟು ಹೋದ ಮೇಲೆ ಕಡತ ನನ್ನ ಮೇಜಿಗೆ ಬಂತು. ಡಿಕ್ರಿ ರದ್ದುಪಡಿಸಲು ಅರ್ಜಿ, ವಿಳಂಬ ಮನ್ನಿಸಲು ಇನ್ನೊಂದು ಅರ್ಜಿ. "ವಿಳಂಬಕ್ಕೆ ಕಾರಣ?" ಎಂದು ನ್ಯಾಯಾಧೀಶರು ಕೇಳಿದರು. ಅಧಿಕಾರಿಯ ವರ್ಗಾವಣೆ ಎಂದು ಬರೆದಿದ್ದೆವು. ಅವರು ನನ್ನ ಮುಖ ನೋಡಿದರು. ಎರಡೂ ವಜಾ. ಖಾಸಗಿಯವನು 12 ವರ್ಷದಲ್ಲಿ ಕಳೆದುಕೊಳ್ಳುವ ನೆಲವನ್ನು ಮರಳಿ ಕೇಳಲು ಕಾಲಮಿತಿ ಕಾಯ್ದೆ ಸರ್ಕಾರಕ್ಕೆ 30 ವರ್ಷ ಕೊಟ್ಟಿದೆ. ಅಷ್ಟು ಉದಾರ ಕಾಯ್ದೆಯೂ ಬೀರುವಿನೊಳಗಿನ ಕಡತವನ್ನು ಎಬ್ಬಿಸಲಾರದು. ಸೋದರಮಾವನಿಗೆ ಇದನ್ನೇ ಹೇಳುತ್ತಿದ್ದೆ: ನಿಮ್ಮ ಸೈಟಿಗೆ ನೀವಿದ್ದೀರಿ, ಹಳ್ಳಕ್ಕೆ ಯಾರಿದ್ದಾರೆ? ಅವರು ಒಪ್ಪಿದರೆಂದಲ್ಲ.

ಗೋಡೆಯ ದಾವೆ ವಜಾ ಆದ ದಿನ ಆ ಹಿರಿಯರು ಮೊಗಸಾಲೆಯಲ್ಲಿ ನನ್ನನ್ನು ತಡೆದರು. "ಸ್ವಾಮಿ, ನನಗೆ ಮಾರಿದವನ ಮೇಲೆ ಕೇಸು ಹಾಕಬಹುದೇ? ನೀವೇ ನಡೆಸಿಕೊಡುತ್ತೀರಾ?" ಎದುರು ಪಕ್ಷದ ವಕೀಲ ನಾನು, ನಡೆಸುವಂತಿಲ್ಲ, ಸಲಹೆ ಕೊಡುವಂತೆಯೂ ಇಲ್ಲ. ನಿಮ್ಮ ವಕೀಲರನ್ನೇ ಕೇಳಿ ಎಂದೆ. ತಡೆಯಲಾರದೆ ಒಂದು ಮಾತು ಸೇರಿಸಿದೆ: ಹೋಗುವಾಗ ಕ್ರಯಪತ್ರದ ಕೊನೆಯ ಪುಟ ತೋರಿಸಿ. ಸ್ವತ್ತಿಗೆ ಯಾವುದೇ ತಂಟೆ ತಕರಾರು ಬಂದರೆ ಮಾರಿದವರೇ ಸ್ವಂತ ಖರ್ಚಿನಲ್ಲಿ ಪರಿಹರಿಸಿಕೊಡಬೇಕು ಎಂಬ ಸಾಲು ಸಾಮಾನ್ಯವಾಗಿ ಅಲ್ಲಿರುತ್ತದೆ.

ಅವರು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಚೀಲ ಬಿಚ್ಚಿದರು. ಬೆರಳಿಟ್ಟು ಒಂದೊಂದೇ ಸಾಲು ಹುಡುಕುತ್ತಿದ್ದರು. ಒಳಗೆ ನನ್ನ ಮುಂದಿನ ಕೇಸನ್ನು ಕೂಗಿದರು.

ನಮಸ್ಕಾರ.