ಸಾಕ್ಷಿಗೆ ಬಾರದ ಪ್ರಾರ್ಥನೆಗಳು

ಪ್ರಿಯ ಸಹೋದರ ಸಹೋದರಿಯರೇ, ಎಲ್ಲರಿಗೂ ವಂದನೆಗಳು.

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವ ಹೊತ್ತು ಅಂತ ಒಂದಿರುತ್ತದೆ, ಅಲ್ವಾ? ಮೈಕ್ ಕೈಯಿಂದ ಕೈಗೆ ಹೋಗುತ್ತದೆ. ಕೆಲಸ ಸಿಕ್ಕವರು, ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಾಣಲಿಲ್ಲ ಅಂದವರು, ಎಷ್ಟೋ ವರ್ಷದ ಮೇಲೆ ಮಗು ಆದವರು ಎದ್ದು ನಿಂತು ಸ್ತೋತ್ರ ಹೇಳುತ್ತಾರೆ. ಹೇಳಲಿ, ಹೇಳಲೇಬೇಕು. ಆದರೆ ಅದೇ ಸಾಲಿನಲ್ಲಿ ಕೂತ ಇನ್ನೊಬ್ಬರಿಗೂ ಅಂಥದ್ದೇ ಗಡ್ಡೆ ಇರುತ್ತದೆ. ಅವರಿಗಾಗಿಯೂ ಅದೇ ಉಪವಾಸ ಕೂಟದಲ್ಲಿ ಪ್ರಾರ್ಥನೆ ಆಗಿರುತ್ತದೆ. ಅವರಿಗೆ ಈಗ ಎರಡನೇ ಸಲ ಕೀಮೋ. ಮೈಕ್ ಹತ್ತಿರ ಬಂದಾಗ ಸುಮ್ನೆ ಪಕ್ಕದವರಿಗೆ ದಾಟಿಸುತ್ತಾರೆ.

ಉತ್ತರ ಸಿಕ್ಕ ಪ್ರಾರ್ಥನೆಗೆ ನಮ್ಮಲ್ಲಿ ಜಾಗ ಇದೆ. ಸಿಗದ ಪ್ರಾರ್ಥನೆಗೆ ಇಲ್ಲ. ಇದರ ಬಗ್ಗೆ ಮಾತಾಡಲು ನಾನು ಬಂಗಾಳದ ಒಂದು ಹಳೇ ಮನೆಯ ಕತೆ ತಂದಿದ್ದೇನೆ.

ಸೆರಾಂಪುರದ ಹೆಸರು ನಿಮಗೆ ಹೊಸದಲ್ಲ. ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಓದಿದ ನಮ್ಮ ಅಯ್ಯನವರಿಗೆ ಪದವಿ ಬರುವುದು ಸೆರಾಂಪುರದಿಂದಲೇ. ಆ ಕಾಲೇಜು ಕಟ್ಟಿದವರಲ್ಲಿ ಒಬ್ಬರು ವಿಲಿಯಂ ಕೇರಿ. ಇಂಗ್ಲೆಂಡಿನಲ್ಲಿ ಚಪ್ಪಲಿ, ಬೂಟು ಹೊಲಿಯುತ್ತಿದ್ದವರು. 1793ರಲ್ಲಿ ಮಿಷನರಿಯಾಗಿ ಬಂಗಾಳಕ್ಕೆ ಬಂದರು. ಅವರ ಬಗ್ಗೆ ಪ್ರಸಂಗಗಳಲ್ಲಿ ಜಾಸ್ತಿ ಕೇಳುವ ಕತೆ ಬೆಂಕಿಯದು. 1812ರ ಮಾರ್ಚ್ 11ರ ಸಂಜೆ ಸೆರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕಾಗದ, ಅಚ್ಚಿನ ಮೊಳೆಗಳು, ವರ್ಷಗಟ್ಟಲೆ ಕೂತು ಬರೆದ ಹಸ್ತಪ್ರತಿಗಳು ಎಲ್ಲ ಹೋದವು. ಸುಟ್ಟು ಬೂದಿಯಾದದ್ದರಲ್ಲಿ ಕೇರಿ ಅನುವಾದಿಸಿದ್ದ ಕನ್ನಡದ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಇತ್ತು.

ಮುಂದಿನದು ನಿಮಗೆ ಗೊತ್ತು. ಕರಗಿದ ಸೀಸವನ್ನು ಮತ್ತೆ ಎರಕ ಹೊಯ್ದರು. ಇಂಗ್ಲೆಂಡಿನಿಂದ ಹಣ ಹರಿದುಬಂತು. ಕೇರಿ ಮತ್ತೆ ಮೊದಲಿನಿಂದ ಕೂತು ಬರೆದರು. 1820ರ ದಶಕದಲ್ಲಿ ಕನ್ನಡ ಹೊಸ ಒಡಂಬಡಿಕೆ ಅಲ್ಲಿಂದಲೇ ಅಚ್ಚಾಗಿ ಹೊರಬಂತು. ಪ್ರಸಂಗ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಕತೆ ಬೇಕೇ? ಕಷ್ಟ ಬಂತು, ಪ್ರಾರ್ಥನೆ ಆಯಿತು, ಹೋದದ್ದೆಲ್ಲ ಬಡ್ಡಿ ಸಮೇತ ವಾಪಸ್ ಬಂತು. ನನಗೂ ಈ ಕತೆ ಇಷ್ಟವೇ. ಆದರೆ ಅದೇ ಮನೆಯಲ್ಲಿ ಇನ್ನೊಂದು ಕತೆ ನಡೆದಿತ್ತು. ಅದನ್ನು ಯಾರೂ ಪ್ರಸಂಗಕ್ಕೆ ತರುವುದಿಲ್ಲ.

ಕೇರಿಯವರ ಹೆಂಡತಿಯ ಹೆಸರು ಡೊರೊಥಿ. ಮದುವೆಯ ದಿನ ರಿಜಿಸ್ಟರಿನಲ್ಲಿ ಸಹಿ ಹಾಕಲು ಬಾರದೆ ಗುರುತು ಹಾಕಿದ ಹಳ್ಳಿಯ ಹೆಣ್ಣುಮಗಳು. ಇಂಗ್ಲೆಂಡಿನಲ್ಲೇ ಎರಡು ಹೆಣ್ಣುಮಕ್ಕಳನ್ನು ಮಣ್ಣುಮಾಡಿದ್ದರು. ಇಂಡಿಯಾಕ್ಕೆ ಬರಲು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಕೊನೇ ಗಳಿಗೆಯಲ್ಲಿ, ತಂಗಿ ಜೊತೆಗೆ ಬರುವುದಾದರೆ ಬರುತ್ತೇನೆ ಅಂದರು. ಮಡಿಲಲ್ಲಿ ಆಗಷ್ಟೇ ಹುಟ್ಟಿದ ಕೂಸು. ಹಡಗಿನಲ್ಲಿ ಐದು ತಿಂಗಳು. ಇಳಿದ ಮೇಲೆ ಕೈಯಲ್ಲಿ ಕಾಸಿಲ್ಲ, ಇರಲು ನೆಟ್ಟಗೆ ಒಂದು ಮನೆಯಿಲ್ಲ. ಕೊನೆಗೆ ಮಾಲ್ಡಾ ಕಡೆ ಮುದ್ನಬಾಟಿ ಅನ್ನುವ ಊರಿನಲ್ಲಿ ನೀಲಿ ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ ಕೇರಿಗೆ ಕೆಲಸ ಸಿಕ್ಕಿತು.

ಅಲ್ಲಿ 1794ರಲ್ಲಿ ಐದು ವರ್ಷದ ಮಗ ಪೀಟರ್ ಕಾಯಿಲೆ ಬಿದ್ದು ತೀರಿಕೊಂಡ. ಅಪ್ಪನೂ ಜ್ವರದಿಂದ ಏಳಲಾರದ ಸ್ಥಿತಿಯಲ್ಲಿದ್ದರು. ಜಾತಿ ಕೆಡುತ್ತದೆಂದು ಹೆಣ ಮುಟ್ಟಲು ಜನ ಹಿಂಜರಿದರು. ಕೊನೆಗೆ ಕೆಲವು ಮುಸಲ್ಮಾನರು ಬಂದು ಗುಂಡಿ ತೋಡಿಕೊಟ್ಟರು. ಮುಂದಿನ ವರ್ಷದ ಹೊತ್ತಿಗೆ ಡೊರೊಥಿಯ ಮನಸ್ಸು ಪೂರ್ತಿ ಕೆಟ್ಟಿತ್ತು. ಗಂಡನ ಮೇಲೆ ಇಲ್ಲಸಲ್ಲದ ಅನುಮಾನ. ಕೂಗಾಟ. ಕೇರಿ ತಮ್ಮ ದಿನಚರಿಯಲ್ಲಿ ಇದು ನನ್ನ ಪಾಲಿಗೆ ಕಾರ್ಗತ್ತಲಿನ ಕಣಿವೆಯೇ ಸರಿ ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ಅಲ್ಲಿಂದ ಹನ್ನೆರಡು ವರ್ಷ ಹೀಗೇ. 1807ರ ಡಿಸೆಂಬರ್ 8ರಂದು ಡೊರೊಥಿ ತೀರಿಕೊಂಡರು. ಸ್ವಸ್ಥವಾಗಲೇ ಇಲ್ಲ.

ಕೇರಿ ಹೆಂಡತಿಗಾಗಿ ಪ್ರಾರ್ಥಿಸದೆ ಇದ್ದಾರೆಯೇ?

ಈಗ ಒಂದು ದಿನವನ್ನು ಹತ್ತಿರದಿಂದ ನೋಡೋಣ. 1800ನೇ ಇಸವಿ ಡಿಸೆಂಬರ್ 28, ಭಾನುವಾರ. ಕೇರಿ ಬಂದು ಏಳು ವರ್ಷವಾಗಿತ್ತು. ಅಷ್ಟು ವರ್ಷ ಒಬ್ಬ ಬಂಗಾಳಿಯೂ ದೀಕ್ಷಾಸ್ನಾನ ಪಡೆದಿರಲಿಲ್ಲ. ಒಂದು ತಿಂಗಳ ಹಿಂದೆ ಕೃಷ್ಣ ಪಾಲ್ ಅನ್ನುವ ಬಡಗಿಯ ತೋಳು ಕೀಲು ತಪ್ಪಿತ್ತು. ಮಿಷನ್ನಿನ ಡಾಕ್ಟರ್ ಜಾನ್ ಥಾಮಸ್ ಅದನ್ನು ಕೂರಿಸಿದರು, ಸುವಾರ್ತೆಯನ್ನೂ ಹೇಳಿದರು. ಆತ ನಂಬಿದ. ಎಷ್ಟೋ ವರ್ಷದಿಂದ ಕಾದಿದ್ದ ಥಾಮಸ್‌ಗೆ ಆ ಸಂತೋಷವನ್ನೇ ತಡೆಯಲಾಗಲಿಲ್ಲ. ಮೊದಲೇ ಸೂಕ್ಷ್ಮ ಮನಸ್ಸು, ಬುದ್ಧಿ ಕಲಕಿಹೋಯಿತು. ಅವರನ್ನು ಕೂಡಿಹಾಕಬೇಕಾಯಿತು.

ಆ ಭಾನುವಾರ ಕೇರಿ ಹೂಗ್ಲಿ ನದಿಯ ಕಡೆ ನಡೆದರು. ಒಂದು ಕಡೆ ದೊಡ್ಡ ಮಗ ಫೀಲಿಕ್ಸ್, ಇನ್ನೊಂದು ಕಡೆ ಕೃಷ್ಣ ಪಾಲ್. ಇಬ್ಬರಿಗೂ ಅಂದು ದೀಕ್ಷಾಸ್ನಾನ. ದಾರಿಯ ಒಂದು ಪಕ್ಕದ ಕೋಣೆಯಲ್ಲಿ ಥಾಮಸ್ ಬಾಯಿಗೆ ಬಂದಂತೆ ಕೂಗುತ್ತಿದ್ದರು. ಎದುರಿನ ಕೋಣೆಯಲ್ಲಿ ಬಾಗಿಲು ಹಾಕಿದ್ದ ಡೊರೊಥಿ ಚೀರುತ್ತಿದ್ದರು. ನಡುವೆ ಕೀರ್ತನೆ ಹಾಡುತ್ತಿದ್ದ ಒಂದು ಸಣ್ಣ ಗುಂಪು.

ಈ ದೃಶ್ಯ ನನಗೆ ಬೆಂಕಿಯ ಕತೆಗಿಂತ ಜಾಸ್ತಿ ಹೇಳುತ್ತದೆ. ಏಳು ವರ್ಷದ ಪ್ರಾರ್ಥನೆಗೆ ಉತ್ತರ ಸಿಕ್ಕ ದಿನವೇ, ಐದಾರು ವರ್ಷದ ಇನ್ನೊಂದು ಪ್ರಾರ್ಥನೆ ಡೊರೊಥಿಯ ಕೋಣೆಯಿಂದ ಕೇಳಿಸುತ್ತಿತ್ತು. ಅದೇ ಮನುಷ್ಯ ಪ್ರಾರ್ಥಿಸಿದ್ದು, ಅದೇ ದೇವರಿಗೆ. ಒಂದಕ್ಕೆ ನಂಬಿಕೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ ಅಂತ ಹೇಳೋಕೆ ಬರುತ್ತದೆಯೇ? ನಿಮ್ಮ ನಂಬಿಕೆ ಸಾಲದು ಅಂತ ರೋಗಿಯ ತಲೆದಿಂಬಿನ ಪಕ್ಕ ನಿಂತು ಹೇಳುವವರು ಇವತ್ತಿಗೂ ಇದ್ದಾರೆ. ದಯವಿಟ್ಟು ಅಂಥವರನ್ನು ಮನೆಗೆ ಕರೆಯಬೇಡಿ. ಪೌಲನು ತನ್ನ ಶರೀರದಲ್ಲಿ ನಾಟಿದ ಶೂಲ ಹೋಗಲಿ ಅಂತ ಮೂರು ಸಲ ಬೇಡಿಕೊಂಡ. ಹೋಗಲಿಲ್ಲ. ಪೌಲನ ನಂಬಿಕೆ ಸಾಲದೆ ಹೋಯಿತೇ?

ಇನ್ನೊಂದು ಸಮಾಧಾನ ಇದೆ. ಇದು ಮೆತ್ತಗೆ ಬರುತ್ತದೆ, ಹಾಗಾಗಿ ಹೆಚ್ಚು ಜಾಗ್ರತೆ ಬೇಕು. ಡೊರೊಥಿಯ ನೋವು ವ್ಯರ್ಥವಾಗಲಿಲ್ಲ, ಆ ಮನೆಯಿಂದಲೇ ಇಷ್ಟೊಂದು ಭಾಷೆಗಳಿಗೆ ಬೈಬಲ್ ಬಂತು ಅಂತ. ಬಂತು, ನಿಜ. ಪಕ್ಕದ ಕೋಣೆಯಲ್ಲಿ ಹೆಂಡತಿ ಕೂಗುತ್ತಿರುವಾಗಲೇ ಕೇರಿ ಅನುವಾದ ಮಾಡುತ್ತಿದ್ದರು. ಆದರೆ ಇದರಲ್ಲಿ ಡೊರೊಥಿಗೆ ಏನು ಬಂತು? ಒಬ್ಬರ ಕಣ್ಣೀರು, ಇನ್ನೊಬ್ಬರಿಗೆ ಲಾಭ. ಇದು ಲೆಕ್ಕಾಚಾರ, ನಿರೀಕ್ಷೆಯಲ್ಲ. ತೊಂಬತ್ತೊಂಬತ್ತು ಕುರಿ ಕ್ಷೇಮವಾಗಿವೆ, ಒಂದು ಹೋದರೆ ಹೋಗಲಿ ಅನ್ನುವ ಕುರುಬನ ಕತೆ ನಮ್ಮ ಬೈಬಲಿನಲ್ಲಿ ಇಲ್ಲ.

ಹಾಗಾದರೆ ಕ್ರೈಸ್ತ ನಿರೀಕ್ಷೆ ಏನು? ನನಗೆ ದಾರಿ ತೋರಿಸಿದ್ದು ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೇ ಅಧ್ಯಾಯದ ಏಳನೇ ವಚನ. ಯೇಸು ತನ್ನನ್ನು ಮರಣದಿಂದ ತಪ್ಪಿಸಬಲ್ಲ ದೇವರಿಗೆ ಬಲವಾಗಿ ಕೂಗುತ್ತಾ ಕಣ್ಣೀರು ಸುರಿಸುತ್ತಾ ಪ್ರಾರ್ಥಿಸಿದನು, ದೇವರು ಕೇಳಿದನು ಅಂತ ಅಲ್ಲಿ ಬರೆದಿದೆ. ಸ್ವಲ್ಪ ನಿಂತು ಯೋಚಿಸಿ. ಕೇಳಿದನು ಅಂದರೆ ಏನರ್ಥ? ಗೆತ್ಸೇಮನೆಯಲ್ಲಿ ಈ ಪಾತ್ರೆ ನನ್ನಿಂದ ತೊಲಗಲಿ ಅಂದರು, ತೊಲಗಲಿಲ್ಲ. ಮಾರನೇ ದಿನವೇ ಶಿಲುಬೆ. ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ ಅನ್ನುವ ಕೂಗು. ಅದಕ್ಕೂ ಮೇಲಿನಿಂದ ಒಂದು ಮಾತು ಬರಲಿಲ್ಲ. ಸತ್ತರು, ಹೂಣಿಟ್ಟರು. ಆದರೂ ಪತ್ರಿಕೆ ಬರೆದವನು ಧೈರ್ಯವಾಗಿ ದೇವರು ಕೇಳಿದನು ಅನ್ನುತ್ತಾನೆ. ಯಾಕೆಂದರೆ ಉತ್ತರ ಬಂದದ್ದು ಸಮಾಧಿಯ ಆಚೆ ಕಡೆಯಿಂದ, ಮೂರನೇ ದಿನ.

ನಮ್ಮ ನಿರೀಕ್ಷೆ ನಿಂತಿರುವುದು ಅದರ ಮೇಲೆ. ಕಷ್ಟದಿಂದ ಏನೋ ಒಳ್ಳೆಯದಾಗುತ್ತದೆ ಅನ್ನುವುದರ ಮೇಲಲ್ಲ. ಡೊರೊಥಿ ತಾನೇ, ತನ್ನ ಮೈಯಲ್ಲಿ, ನೆಟ್ಟಗಾದ ಮನಸ್ಸಿನಲ್ಲಿ ಎದ್ದು ನಿಲ್ಲಬೇಕು. ಪೀಟರ್ ಎದ್ದು ಬರಬೇಕು. ಪೌಲನು ರೋಮಾಪುರದವರಿಗೆ ಬರೆಯುವಾಗ ನಾವು ನರಳುತ್ತಾ ಕಾಯುತ್ತಿರುವುದು ನಮ್ಮ ದೇಹದ ಬಿಡುಗಡೆಗಾಗಿ ಅನ್ನುತ್ತಾನೆ. ದೇಹ ಬಿಟ್ಟು ಆತ್ಮ ಎಲ್ಲೋ ಹೋಗಿ ಹಾಯಾಗಿರುವುದಲ್ಲ. ಎದ್ದುಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯ ಇತ್ತು, ತೋಮನು ನೋಡಿದ. ಅಂದರೆ ಆದದ್ದು ಆಗಲೇ ಇಲ್ಲ ಅಂತ ಯಾರೂ ಅಳಿಸಿಹಾಕುವುದಿಲ್ಲ. ಇದು ನಿಜವಾದರೆ ಡೊರೊಥಿಗೂ ನ್ಯಾಯ ಇದೆ. ನಿಜವಲ್ಲದಿದ್ದರೆ, ಪೌಲನೇ ಕೊರಿಂಥದವರಿಗೆ ಬರೆದ ಹಾಗೆ, ನಮ್ಮಷ್ಟು ನಿರ್ಭಾಗ್ಯರು ಯಾರೂ ಇಲ್ಲ. ನಡುವಿನ ದಾರಿ ನನಗೆ ಕಾಣುತ್ತಿಲ್ಲ.

ಅಲ್ಲಿವರೆಗೆ ಏನು ಮಾಡುವುದು? ಕೀರ್ತನೆ 88 ಓದಿ. ಬೇರೆ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಎಲ್ಲೋ ಒಂದು ಕಡೆ ತಿರುಗಿ ಸ್ತೋತ್ರಕ್ಕೆ ಬರುತ್ತವೆ. ಇದು ಬರುವುದಿಲ್ಲ. ಹಗಲೂ ರಾತ್ರಿ ಕೂಗಿದೆ, ಯಾಕೆ ಮುಖ ಮರೆಮಾಡಿದ್ದೀ, ಸ್ನೇಹಿತರನ್ನೆಲ್ಲ ದೂರ ಮಾಡಿದೆ ಅನ್ನುತ್ತಾ ಕತ್ತಲಿನಲ್ಲೇ ಮುಗಿಯುತ್ತದೆ. ಇಡೀ ಕೀರ್ತನೆಯಲ್ಲಿ ನಿರೀಕ್ಷೆ ಅಂತ ಇರುವುದು ಒಂದೇ ಕಡೆ. ಶುರುವಿನಲ್ಲಿ ದೇವರನ್ನು ನನ್ನನ್ನು ರಕ್ಷಿಸುವವನೇ ಅಂತ ಕರೆಯುತ್ತಾನಲ್ಲ, ಅಷ್ಟೇ. ಆಮೇಲೆ ಬರೀ ದೂರು. ಆದರೆ ದೂರು ಹೇಳುವುದು ಆತನ ಮುಂದೆಯೇ. ಇಂಥ ಪ್ರಾರ್ಥನೆಯನ್ನು ಬೈಬಲಿನಿಂದ ಯಾರೂ ಕಿತ್ತುಹಾಕಲಿಲ್ಲ. ಸಾಕ್ಷಿ ಹೇಳುವ ಹೊತ್ತಿನಲ್ಲಿ ಒಬ್ಬರು ಎದ್ದು ಇದನ್ನು ಓದಿ ಕೂತುಕೊಂಡರೆ ಅದೂ ಸಾಕ್ಷಿಯೇ. ತಕ್ಷಣ ಹಲ್ಲೆಲೂಯ ಅಂತ ಮುಚ್ಚಿಹಾಕುವ ಅಗತ್ಯ ಇಲ್ಲ.

ಒಂದು ಮಾತು ಬದಿಗೆ. ಡೊರೊಥಿಯ ಕಾಲದಲ್ಲಿ ಇಂಥ ಕಾಯಿಲೆಗೆ ಮದ್ದು ಇರಲಿಲ್ಲ. ಈಗ ಇದೆ. ಮನೆಯಲ್ಲಿ ಯಾರಿಗಾದರೂ ಹೀಗಾದರೆ ದೆವ್ವ ಅಂತ ಊರೂರು ಅಲೆಸಬೇಡಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ಪ್ರಾರ್ಥನೆ ನಡೆಯಲಿ, ಮಾತ್ರೆಯೂ ನಡೆಯಲಿ. ಮಾತ್ರೆ ನುಂಗಿದರೆ ನಂಬಿಕೆ ಕಡಿಮೆ ಅಂತ ಯಾವ ವಚನವೂ ಹೇಳುವುದಿಲ್ಲ.

ಕೊನೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಇಷ್ಟೆಲ್ಲ ಹೇಳಿದ ಮೇಲೆ ಸೌಖ್ಯಕ್ಕಾಗಿ ಪ್ರಾರ್ಥಿಸಬೇಕೇ, ಬೇಡವೇ? ಪ್ರಾರ್ಥಿಸಿ. ಬಾಯಿಬಿಟ್ಟು ಕೇಳಿ. ಮೂರು ಸಲ ಕೇಳಿದ ಪೌಲನಿಗೆ ಯಾಕೆ ಕೇಳಿದೆ ಅಂತ ದೇವರು ಗದರಿಸಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅಂದನು. ಕೃಷ್ಣ ಪಾಲನಂಥ ಒಬ್ಬನಿಗಾಗಿ ಏಳು ವರ್ಷ ಕೇಳದಿದ್ದರೆ ಕೇರಿ ಆ ಭಾನುವಾರ ನದಿಗೆ ಇಳಿಯುತ್ತಿರಲಿಲ್ಲ. ಇನ್ನು, ಕೇಳಿ ಕೇಳಿ ಸಾಕಾಗಿ ನಿಮ್ಮ ಬಾಯಿಂದ ಮಾತೇ ಹೊರಡದಿದ್ದರೆ, ಆಗಲೂ ಭಾನುವಾರ ಬಂದು ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ನಿಮ್ಮ ಪಾಲಿನ ಹಾಡನ್ನು ಪಕ್ಕದವರು ಹಾಡುತ್ತಾರೆ. ಅದಕ್ಕೇ ತಾನೇ ಸಭೆ ಇರುವುದು.

ಇನ್ನು ನಿಮ್ಮ ಪ್ರಶ್ನೆಗಳಿಗೆ ಸಮಯ ಇದೆ. ಮೈಕ್ ಹಿಂದಿನ ಸಾಲಿನಿಂದ ಶುರುವಾಗಲಿ.